ಹಲಾಲ್ ಫ್ರೈಸಿಗೆ ತಂದ ಹೊಸ ತಾಟುಗಳು

ನಮ್ಮ ಅಡುಗೆಮನೆಯ ಕಿಟಕಿಗೆ ಅಗಲವಾದ ಗ್ರಾನೈಟ್ ಕಟ್ಟೆಯಿದೆ. ಸಾಂಗ್ಲಿಯ ವಿಶ್ರಾಮಬಾಗದಲ್ಲಿ ಈ ಫ್ಲ್ಯಾಟು ನೋಡಲು ಬಂದಾಗ ಬಿಲ್ಡರ್ ಅದನ್ನೇ ಹೆಚ್ಚು ಹೊಗಳಿದ್ದ. ಇಷ್ಟು ವರ್ಷದಲ್ಲಿ ನಾನು ಅದರ ಮೇಲೆ ಒಂದು ಚಮಚ ಕೂಡ ಇಟ್ಟಿಲ್ಲ. ಗಂಡ ಏನಾದರೂ ಇಟ್ಟರೆ ಸಿಡಿಮಿಡಿಗೊಂಡು ತೆಗೆಯುತ್ತೇನೆ. ಅವರು ಕಾರಣ ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು.

ಕಾರಣ ನನ್ನ ತವರು ಮಿರಜದ್ದು. ಅಲ್ಲಿ ನಮ್ಮದೂ ನನ್ನ ಗೆಳತಿಯದೂ ಒಂದೇ ಗೋಡೆಯ ಎರಡು ಮನೆ. ನಾವು ಕನ್ನಡ ಮನೆಮಾತಿನ ಜೈನರು, ಅಪ್ಪನಿಗೆ ಬೆಲ್ಲದ ವ್ಯಾಪಾರ. ಅವರು ವಿಜಾಪುರದ ಕಡೆಯಿಂದ ಬಂದ ಮುಸಲ್ಮಾನರು, ಅವಳ ಅಪ್ಪ ರೇಲ್ವೆಯಲ್ಲಿದ್ದರು. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಹೊರಗಿನಿಂದ ಕೈಗೆ ಸಿಗುವಂತೆ, ಅವಳಿಗೆಂದೇ ಒಂದು ಸ್ಟೀಲ್ ಲೋಟ ಇರುತ್ತಿತ್ತು. ಅವಳು ಬಂದರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ತಂಬಿಗೆ ಎತ್ತಿ ಹಿಡಿದು ಮೇಲಿನಿಂದ ಅದಕ್ಕೆ ನೀರು ಸುರಿಯುತ್ತಿದ್ದಳು. ಗೆಳತಿ ಕುಡಿದು, ಹಿತ್ತಲ ನಳದಲ್ಲಿ ತಾನೇ ತೊಳೆದು, ಮತ್ತೆ ಕಿಟಕಿಯಲ್ಲೇ ಬೋರಲು ಹಾಕಿಟ್ಟು ಒಳಗೆ ಬರುತ್ತಿದ್ದಳು. ನನಗೆ ಅದು ಚಪ್ಪಲಿ ಹೊರಗೆ ಬಿಡುವಷ್ಟೇ ಸಹಜವಾಗಿತ್ತು.

ಅವರ ಮನೆಯಲ್ಲಿ ನನಗೂ ಬೇರೆ ಪಾತ್ರೆ ಇತ್ತು. ಅವಳ ತಾಯಿಯನ್ನು ನಾನು ಖಾಲಾ ಎನ್ನುತ್ತಿದ್ದೆ. ಖಾಲಾ ಒಂದು ಸಣ್ಣ ಕಡಾಯಿಯನ್ನು ಬಟ್ಟೆಯಲ್ಲಿ ಕಟ್ಟಿ ಗೋಡೆಯ ಮೊಳೆಗೆ ತೂಗುಹಾಕಿದ್ದರು. ಮಾಂಸದ ಮಾತು ಬಿಡಿ, ಅದರಲ್ಲಿ ಒಂದು ಎಸಳು ಬೆಳ್ಳುಳ್ಳಿ ಕೂಡ ಬಿದ್ದಿರಲಿಲ್ಲ.

ಅದು ಕೇಬಲ್ ಟಿವಿ ಬಂದ ಹೊಸತು. ಸಾಂಗ್ಲಿ-ಮಿರಜ ರಸ್ತೆಯ ಬದಿಯ ಹೊಲಗಳು ಹೋಗಿ ಅಂಗಡಿಗಳು ಏಳುತ್ತಿದ್ದವು. ವಿಶ್ರಾಮಬಾಗದಲ್ಲಿ ಗಾಜಿನ ಬಾಗಿಲಿನ ಹೋಟೆಲೊಂದು ಶುರುವಾಗಿತ್ತು. ಕಾಲೇಜು ಹುಡುಗಿಯರು ಒಂದೇ ತಾಟಿಗೆ ಕೈಹಾಕಿ ಫಿಂಗರ್ ಚಿಪ್ಸ್ ತಿನ್ನುವುದನ್ನು ನಾವಿಬ್ಬರೂ ಹೊರಗೆ ನಿಂತು ನೋಡಿ ಬಂದೆವು. ನಮ್ಮ ಮನೆಯಲ್ಲಿ ಆಲೂಗಡ್ಡೆ ಹೊಸ್ತಿಲು ದಾಟುವಂತಿರಲಿಲ್ಲ, ನೆಲದೊಳಗಿನ ಗಡ್ಡೆ ನಮಗೆ ವರ್ಜ್ಯ. ಗೆಳತಿ ಹೋಗಿ ತನ್ನ ಅಮ್ಮಿಗೆ ಹೇಳಿದಳು. ಮರುದಿನವೇ ಖಾಲಾ ಬಾಳೆಕಾಯಿಯನ್ನು ಬೆರಳಿನ ಹಾಗೆ ಹೆಚ್ಚಿ ನನ್ನ ಕಡಾಯಿಯಲ್ಲಿ ಕರಿದರು. ಆಗ ರಂಜಾನಿನ ರೋಜಾ ತಿಂಗಳು, ಕರಿಯುವವರ ಬಾಯಲ್ಲಿ ಬೆಳಗಿನಿಂದ ಹನಿ ನೀರಿಲ್ಲ.

"ತಿನ್ನ ಬೇಟಾ, ಲಗೂನ ತಿನ್ನ. ಹೊತ್ತ ಮುಳಗಿದ್ರ ನಿಂದ ನಡ್ಯಾಂಗಿಲ್ಲ," ಎಂದರು.

ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಅವರಲ್ಲಿ ಆ ತಿಂಗಳು ಹೊತ್ತು ಮುಳುಗುವವರೆಗೆ ಉಣ್ಣುವುದಿಲ್ಲ. ಗೆಳತಿ ಎದುರು ಕೂತು ನಾನು ತಿನ್ನುವುದನ್ನು ನೋಡಿದಳು. ಒಂದೇ ತಾಟಿನಲ್ಲಿ ತಿನ್ನಬೇಕೆಂಬ ನಮ್ಮ ಆಸೆ ಆ ದಿನವೂ ಹಾಗೇ ಉಳಿಯಿತು.

ಮುಂದಿನ ಬೇಸಿಗೆ. ಉರಿಬಿಸಿಲಿನಲ್ಲಿ ಸೈಕಲ್ ತುಳಿದು ಬಂದ ಅವಳಿಗೆ ನಾನು ಅವಸರದಲ್ಲಿ ನನ್ನ ಲೋಟದಲ್ಲೇ ನೀರು ಕೊಟ್ಟೆ. ಆಯಿ ನೋಡಿದಳು, ಬೈಯಲಿಲ್ಲ. ಗೆಳತಿ ಕುಡಿದಿಟ್ಟ ಲೋಟವನ್ನು ಇಕ್ಕಳದಿಂದ ಹಿಡಿದು ಒಲೆಯ ಕೆಂಡದೊಳಗೆ ಇಟ್ಟಳು. "ಬೆಂಕ್ಯಾಗ ಸುಟ್ರ ಶುದ್ಧ ಆಗತೈತಿ, ನೆನಪಿಟಗೊ," ಎಂದು ಮೆಲ್ಲಗೆ, ಅಡುಗೆ ಕಲಿಸುವಾಗಿನ ದನಿಯಲ್ಲೇ ನನಗೆ ಹೇಳಿದಳು. ಗೆಳತಿ ಬಾಗಿಲಲ್ಲೇ ನಿಂತಿದ್ದಳು. ಸ್ಟೀಲು ನೀಲಿಗಟ್ಟುವುದನ್ನು ನಾವು ಮೂವರೂ ನೋಡಿದೆವು. ನಾನು ಬಾಯಿ ಬಿಡಲಿಲ್ಲ. ಹದಿನಾರು ವರ್ಷದವಳಿಗೆ ಬಾಯಿ ಇರಲಿಲ್ಲವೇ? ಇತ್ತು, ಬೇರೆ ಎಲ್ಲದಕ್ಕೂ ಇತ್ತು.

ಮರುದಿನ ಅವಳು ಎಂದಿನಂತೆ ಬಂದಳು. ಆಯಿ ತಂಬಿಗೆ ಎತ್ತುವ ಮೊದಲೇ, "ನಾ ನೀರ ಕುಡದ ಬಂದೇನ್ರಿ ಆಯಿ," ಎಂದಳು. ಅಲ್ಲಿಂದ ಮುಂದೆ ಅದೇ ಮಾತು. ಅವಳು ಮದುವೆಯಾಗಿ ಇಚಲಕರಂಜಿಗೆ ಹೋದಳು, ನಾನು ವಿಶ್ರಾಮಬಾಗಕ್ಕೆ ಬಂದೆ. ಆಯಿಯೂ ಖಾಲಾನೂ ತೀರಿಕೊಂಡರು. ಮಿರಜದ ಆ ಎರಡು ಮನೆಗಳನ್ನು ಕೆಡವಿ, ಕೆಳಗೆ ಮೊಬೈಲ್ ಅಂಗಡಿ, ಮೇಲೆ ಫ್ಲ್ಯಾಟು ಕಟ್ಟಿದರು. ವರ್ಷಕ್ಕೊಮ್ಮೆ ನನ್ನ ಮನೆಗೆ ಬರುವಾಗಲೂ ಅವಳು ಹೊಸ್ತಿಲ ಹೊರಗಿನಿಂದಲೇ ನಗುತ್ತ ಹೇಳುತ್ತಿದ್ದಳು: "ನಾ ನೀರ ಕುಡದ ಬಂದೇನಿ." ಪ್ರತಿ ಸಲವೂ ಕ್ಷಮೆ ಕೇಳಬೇಕೆಂದುಕೊಂಡೆ. ಪ್ರತಿ ಸಲವೂ ಮುಂದಿನ ಸಲ ನೋಡೋಣ ಎಂದುಕೊಂಡೆ. ಎರಡು ವರ್ಷದ ಕೆಳಗೆ ಅವಳು ಜ್ವರ ಬಂದು ಎಂಟೇ ದಿನದಲ್ಲಿ ಹೋಗಿಬಿಟ್ಟಳು.

ದೆವ್ವ ಭೂತ ನಂಬುವವಳಲ್ಲ ನಾನು. ಆದರೆ ಅವಳು ಹೋದರೂ ಅವಳ ಮಾತು ನನ್ನ ಮನೆಯಿಂದ ಹೋಗಲಿಲ್ಲ. ನಳ ತಿರುಗಿಸಿದರೆ ಕೇಳುತ್ತದೆ. ಯಾರಾದರೂ ಬಾಗಿಲು ಬಡಿದರೆ ನಾನು ಎದ್ದು ಹೋಗುವ ಮೊದಲೇ ಕೇಳುತ್ತದೆ. ಬಂದವರಿಗೆಂದು ನೀರು ತುಂಬಿ ಅಲ್ಲೇ ಮರೆತು ಬರುತ್ತೇನೆ. ವಯಸ್ಸಾಯಿತು ಎಂದು ಗಂಡ ನಗುತ್ತಾರೆ, ನಾನೂ ಹೂಂ ಎನ್ನುತ್ತೇನೆ.

ಕಳೆದ ವರ್ಷ ಅವಳ ಮಗಳಿಗೆ ಸಾಂಗ್ಲಿಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಫೋನು ಮಾಡಿ ಮನೆಗೆ ಕರೆದೆ. ಮರಾಠಿ ರೂಢಿಯಂತೆ ನನ್ನನ್ನು ಅವಳು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ಅವಳು ನನ್ನ ಮನೆಯಲ್ಲಿ ಉಣ್ಣಬೇಕು, ನನಗೆ ಬೇಕಾದದ್ದು ಅಷ್ಟೇ ಆಗಿತ್ತು. ಏನು ಇಷ್ಟ ಎಂದು ಕೇಳಿದರೆ, "ಲೋಡೆಡ್ ಫ್ರೈಸ್, ಮಾವಶಿ. ಅಮ್ಮಿ ರವಿವಾರ ಖೀಮಾ ಹಾಕಿ ಮಾಡತಿದ್ಲು," ಎಂದಳು. ಫಿಂಗರ್ ಚಿಪ್ಸಿನ ಮೇಲೆ ಚೀಸು, ಸಾಸು ಸುರಿದದ್ದಂತೆ. ಖೀಮಾ, ಅಂದರೆ ಕೊಚ್ಚಿದ ಮಾಂಸ, ನನ್ನ ಒಲೆಯ ಮೇಲೆ ಏರದು. ಅಷ್ಟು ದೂರ ನಾನು ಬಂದಿಲ್ಲ, ಬಂದಿದ್ದೇನೆಂದು ಸುಳ್ಳೇಕೆ ಹೇಳಲಿ? ಹಲಾಲ್ ಆಗಬೇಕಾದರೆ ಬೇರೇನು ನೋಡಬೇಕು ಎಂದು ಕೇಳಿದೆ. ಚೀಸಿನಲ್ಲಿ ಹಾಲು ಬಿಟ್ಟು ಪ್ರಾಣಿಯದೇನೂ ಇರಬಾರದು, ಸಾಸಿನಲ್ಲಿ ದಾರೂ ಇರಬಾರದು ಎಂದಳು. ಸೂಪರ್ ಮಾರ್ಕೆಟ್ಟಿನಲ್ಲಿ ಕನ್ನಡಕ ಏರಿಸಿ ಒಂದೊಂದೇ ಪಾಕೀಟು ಓದಿದೆ. ಆಯಿ ಬದುಕಿದ್ದರೆ ಅವಳೂ ಅದನ್ನೇ ನೋಡುತ್ತಿದ್ದಳು.

ಮನೆಯಲ್ಲಿ ನಾವು ದಿನವೂ ಉಣ್ಣುವ ಹಳೆಯ ಸ್ಟೀಲ್ ತಾಟುಗಳಿದ್ದವು. ಅವು ಬೇಡವೆನಿಸಿತು. ಖಾಲಾ ನನಗೆ ಬೇರೆ ಕಡಾಯಿ ಇಟ್ಟಿದ್ದರಲ್ಲ, ನಾನೂ ಹಾಗೆಯೇ ಅವಳ ಮಗಳಿಗೆ ಚೊಕ್ಕವಾದದ್ದು ಇಡಬೇಕು. ಹೊಸ ಕಡಾಯಿ, ಹೊಸ ಗಾಜಿನ ತಾಟು, ಹೊಸ ಗ್ಲಾಸು, ಎಲ್ಲ ತಂದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಕೈಗೆ ಎಣ್ಣೆ ಸವರಿ ಬಾಳೆಕಾಯಿ ಹೆರೆದೆ. ಬೆರಳಿನ ಹಾಗೆ ಹೆಚ್ಚಿ ಮಜ್ಜಿಗೆ ನೀರಿನಲ್ಲಿ ಹಾಕಿ, ಅರೆ ಬೇಯಿಸಿ, ಬಟ್ಟೆಯ ಮೇಲೆ ಆರಿಸಿ, ಎರಡು ಸಲ ಕರಿದೆ. ಟೊಮೇಟೊ ಮತ್ತು ಖಾರದಪುಡಿಯಲ್ಲಿ ಬೆಂದ ರಾಜಮಾ, ಹೆಚ್ಚಿದ ಢಬ್ಬು ಮೆಣಸಿನಕಾಯಿ, ಮೇಲೆ ಹಾಲಿನಲ್ಲಿ ಕರಗಿಸಿದ ಚೀಸು. ಎಣ್ಣೆ ಕಾಯುವ ವಾಸನೆಗೆ ಮಿರಜದ ಆ ಗೋಡೆ ಮತ್ತೆ ಎದ್ದು ನಿಂತಂತಾಯಿತು. ಬೆನ್ನ ಹಿಂದೆ ಯಾರೋ ಕೂತು ನೋಡುತ್ತಿದ್ದಾರೆ ಎನಿಸಿ ಎರಡು ಸಲ ತಿರುಗಿದೆ.

ನಾಲ್ಕು ಗಂಟೆಗೆ ಗೆಳತಿಯ ಮಗಳು ಬಂದಳು, ಜೊತೆಗೆ ಅವಳ ಕಾಲೇಜಿನ ಸಹಪಾಠಿಯೊಬ್ಬಳು. ನಾನು ಹೊಸ ಗ್ಲಾಸಿನಲ್ಲಿ ನೀರು ಹಿಡಿದು ಬಾಗಿಲಿಗೆ ಹೋದೆ.

"ನಾ ನೀರ ಕುಡದ ಬಂದೇನ್ರಿ, ಮಾವಶಿ," ಎಂದಳು ಗೆಳತಿಯ ಮಗಳು.

ಈ ಹುಡುಗಿಯ ಕನ್ನಡ ಮರಾಠಿಯಲ್ಲಿ ಎಡವುತ್ತದೆ. ಆ ಒಂದು ವಾಕ್ಯ ಮಾತ್ರ ತಾಯಿಯ ಬಾಯಿಂದ ಎತ್ತಿಟ್ಟಂತೆ ಬಂತು. ಯಾರು ಕಲಿಸಿದರು ಎಂದು ಕೇಳಿದೆ. "ಅಮ್ಮಿ. ಮಾವಶಿ ಮನಿಗೆ ಹೋದ್ರ ಹಿಂಗ ಹೇಳಬೇಕು ಅಂತಿದ್ಲು. ತರಾಸ ಕೊಡಬಾರದು ಅಂತ."

ಒಳಗೆ ಅವರಿಬ್ಬರ ಮುಂದೆ ಹೊಸ ತಾಟು ಇಟ್ಟೆ. ರೂಢಿಯಂತೆ ನನ್ನ ಕೈ ನನ್ನ ಹಳೆಯ ಸ್ಟೀಲ್ ತಾಟನ್ನು ಎಳೆದುಕೊಂಡಿತು. ಜೊತೆಗೆ ಬಂದವಳು ಏನೂ ಗೊತ್ತಿಲ್ಲದೆ ನಕ್ಕು ಕೇಳಿದಳು: "ಮಾವಶಿ, ತುಮ್ಚಂ ತಾಟ್ ವೇಗಳಂ ಕಾ?" ನಿಮ್ಮ ತಾಟು ಯಾಕೆ ಬೇರೆ ಎಂದು.

ತಾಟು ನನ್ನ ಕೈಯಲ್ಲೇ ಉಳಿಯಿತು. ಎಲ್ಲ ನೋಡಿದೆ, ಎಲ್ಲ ಓದಿದೆ, ಕೊನೆಗೆ ಅವರಿಗೊಂದು, ನಮಗೊಂದು. ಆಯಿಗೆ ಒಂದು ಲೋಟ ಸಾಕಾಗಿತ್ತು, ನಾನು ಸಂಸಾರವನ್ನೇ ಬೇರೆ ಹೂಡಿದ್ದೆ. ಖಾಲಾ ತಾವು ತಿನ್ನುವುದು ನನಗೆ ತಾಗದಿರಲಿ ಎಂದು ಬೇರೆ ಇಟ್ಟಿದ್ದರು. ನಾನು ಇಟ್ಟದ್ದು ಯಾವುದಕ್ಕೆ ಎಂದು ನನಗೇ ಹೇಳಲಾಗಲಿಲ್ಲ.

ಹೊಸ ತಾಟುಗಳನ್ನು ಒಳಗಿಟ್ಟು ಬಂದೆ. ಎಲ್ಲ ಫ್ರೈಸನ್ನೂ ನನ್ನ ತಾಟಿಗೇ ಸುರಿದೆ. ಮಗಳ ಎದುರು ಕೂತು ಕೆಂಡದಲ್ಲಿ ಇಟ್ಟ ಲೋಟದ ವಿಷಯ ಹೇಳಿದೆ, ಬಾಯಿ ಬಿಡದ ನನ್ನ ವಿಷಯವನ್ನೂ ಹೇಳಿದೆ. ನಿನ್ನ ಅಮ್ಮಿಗೆ ಹೇಳಬೇಕಾದದ್ದನ್ನು ನಿನಗೆ ಹೇಳುತ್ತಿದ್ದೇನೆ, ತಪ್ಪಾಯಿತು ಎಂದೆ.

ಹುಡುಗಿ ತಾಟಿನ ಅಂಚನ್ನು ಬೆರಳಿನಿಂದ ಒರೆಸಿದಳು. "ಅಮ್ಮಿ ನನಗ ಏನೂ ಹೇಳಿಲ್ಲ," ಎಂದಳು. ಆಮೇಲೆ ಕೈ ಚಾಚಿ ಒಂದು ತುಂಡು ಎತ್ತಿಕೊಂಡಳು. ನಾನೂ ಎತ್ತಿಕೊಂಡೆ. ಚೀಸು ತಣ್ಣಗಾಗಿ ಗಟ್ಟಿಯಾಗಿತ್ತು. ಮೂವರೂ ಒಂದೇ ತಾಟಿನಲ್ಲಿ ತಿಂದೆವು. ಸಂಜೆಯ ಬಿಸಿಲು ಇನ್ನೂ ಇತ್ತು.

"ಖಾರ ಆಗೇತಿ ಮಾವಶಿ, ನೀರ ಪಾಯಿಜೆ," ಎಂದು ಅವಳೇ ಎದ್ದಳು. ನಾನು ದಿನವೂ ಕುಡಿಯುವ ಲೋಟವನ್ನೇ ತೆಗೆದುಕೊಂಡು ಗಟಗಟ ಕುಡಿದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವಳು ಲೋಟ ಹಿಡಿದು ಒಳಗೆ ಹೋದಳು, ನಳದ ಸದ್ದು ಕೇಳಿತು.

ಅವಳು ಬಂದು ಮತ್ತೆ ತಿನ್ನಲು ಕೂತಳು. ನಾನು ತಲೆ ಎತ್ತಿ ಅಡುಗೆಮನೆಯ ಕಡೆ ನೋಡಿದೆ. ಲೋಟ ತೊಳೆದು, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿಟ್ಟಿದ್ದಳು. ಅದರ ಅಂಚಿನಿಂದ ನೀರು ಇಳಿಯುತ್ತಿತ್ತು. ಮಿರಜದ ಕಿಟಕಿಯ ಲೋಟದ ವಿಷಯ ನಾನು ಅವಳಿಗೆ ಹೇಳಿರಲಿಲ್ಲ.