ಟೇಪಿನ ಕೆಳಗಿನ ಟ್ಯೂಬು

ಕಳೆದ ವಾರ ರಿಪೇರಿ ಸಾಮಾನಿಡುವ ನನ್ನ ಪಾನಾಪೆಟ್ಟಿಗೆಯ ತಳದಲ್ಲಿ ಸೈಕಲ್ ಟ್ಯೂಬಿನ ಒಂದು ಪಟ್ಟಿ ಸಿಕ್ಕಿತು. ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು. ರಬ್ಬರಿನ ಜೊತೆ ಪೆಟ್ರೋಲಿನ ವಾಸನೆ ಇನ್ನೂ ಇತ್ತು. ಅದನ್ನು ಮಡಚಿಟ್ಟದ್ದು ನಾನಲ್ಲ...

ಚಿದ್ರಿಯಲ್ಲಿ ನಮ್ಮ ಪಕ್ಕದ ಮನೆಯವರು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಓಣಿಗೆಲ್ಲ ಅವರು ಚಾಚಾ. ಆ ವರ್ಷ ನಾನು ಔರಾದಿನಿಂದ ನೀರನ್ನು ಜೋರಾಗಿ ಚಿಮ್ಮಿಸಿ ತೊಳೆಯುವ, ಪೆಟ್ರೋಲ್ ಇಂಜಿನ್ನಿನ ಹಳೆಯ ಪ್ರೆಷರ್ ವಾಷರ್ ಒಂದನ್ನು ಕೊಂಡು ತಂದಿದ್ದೆ. ಭಾಲ್ಕಿ ರಸ್ತೆಯಲ್ಲಿ ಟ್ರ್ಯಾಕ್ಟರ್ ತೊಳೆಯುವ ಕೆಲಸ ಹಿಡಿಯುವ ಯೋಚನೆ ಇತ್ತು. ಇಂಜಿನ್ ಚಾಲೂ ಆಗುತ್ತಿತ್ತು, ಆದರೆ ನೀರಿಗೆ ಜೋರಿರಲಿಲ್ಲ. ಪೈಪಿನಲ್ಲಿ ಒಂದು ಕಡೆ ಸಣ್ಣ ಸೀಳು, ಅಲ್ಲಿ ನೀರು ಜಿನುಗುತ್ತಿತ್ತು. ನಮ್ಮೂರು ಸಾಯಗಾಂವದ ಹೊಲದಲ್ಲಿ ಮಾಡುವ ಹಾಗೆಯೇ ಸೀಳಿನ ಮೇಲೆ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿದೆ. ಜಿನುಗುವುದು ನಿಂತಿತು. ಮೇಲೆ ಕಪ್ಪು ಟೇಪು ಸುತ್ತಿ ಮುಚ್ಚಿದೆ.

ಮುಚ್ಚಿದ್ದು ಚಾಚಾನ ಬಾಯಿಗೆ ಹೆದರಿ. ಹಿಂದೊಮ್ಮೆ ನಮ್ಮ ಬಚ್ಚಲ ನಳಕ್ಕೆ ಟ್ಯೂಬು ಕಟ್ಟಿದ್ದನ್ನು ನೋಡಿ, "ನಿಮ್ಮ ಊರಾಗ ಹೊಟ್ಟಿ ನೋವಾದ್ರೂ ಟ್ಯೂಬೇ ಸುತ್ತತಾರೇನು ಬೇಟಾ?" ಎಂದು ಓಣಿಗೆಲ್ಲ ಕೇಳುವಂತೆ ನಕ್ಕಿದ್ದರು.

ನಾನು ವಾಷರ್ ನೋಡಲು ಕರೆದಿದ್ದಕ್ಕೆ ಚಾಚಾ ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ನಮ್ಮ ಅಂಗಳಕ್ಕೆ ಬಂದರು. ಚಶ್ಮಾ ಮನೆಯಲ್ಲೇ ಬಿಟ್ಟಿದ್ದರು. ಮೊದಲು ಕೇಳಿದ್ದೇ, "ಪೈಪ್ ಎಲ್ಲಾ ನೋಡಿದ್ಯಾ?"

"ನೋಡೀನ್ರಿ ಚಾಚಾ. ಬರಾಬರ್ ಅದ."

ಪಂಪಿಗೆ ನೀರು ಹೋಗುವ ಬಾಯಿ ಬಿಚ್ಚಿದರು. ಒಳಗಿನ ಜಾಳಿಗೆಯ ತುಂಬ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಅದನ್ನು ತೊಳೆದು, ಸವೆದ ರಬ್ಬರ್ ಬಿಲ್ಲೆಗಳನ್ನು ಬದಲಿಸಿ, ಇಂಜಿನ್ನಿನ ಹಗ್ಗ ಎಳೆದರು. ಇಂಜಿನ್ ಹಿಡಿಯಿತು. ಈ ಸಲ ನೀರು ಎದುರಿನ ಗೋಡೆಯ ಸುಣ್ಣವನ್ನೇ ಕಿತ್ತಿತು. ಚಾಚಾ ಹುಬ್ಬು ಹಾರಿಸಿ ನನ್ನ ಕಡೆ ನೋಡಿದರು. ನಾನು ಟೇಪಿನ ಕಡೆ ನೋಡಿದೆ. ನನ್ನ ಟ್ಯೂಬು ತಡೆದಿದ್ದು ಜೋರಿಲ್ಲದ ನೀರನ್ನು, ಇದನ್ನಲ್ಲ.

ನೀರು ಚಿಮ್ಮಿಸುವ ಗನ್ನಿನ ಗುಂಡಿ ಬಿಟ್ಟು ಅದನ್ನು ಕೆಳಗಿಟ್ಟರು. ಇಂಜಿನ್ ಓಡುತ್ತಲೇ ಇತ್ತು, ನೀರಿನ ಜೋರೆಲ್ಲ ಪೈಪಿನೊಳಗೇ ನಿಂತಿತು. ಟೇಪಿನ ಹತ್ತಿರ ಹೊಗೆಯಂಥ ಸಣ್ಣ ತುಂತುರು ಎದ್ದಿತು. ಇಂಜಿನ್ ಬಂದ್ ಮಾಡಿರಿ ಎನ್ನಬೇಕಿತ್ತು. ಹಾಗೆಂದರೆ ಟೇಪು ಬಿಚ್ಚುತ್ತಾರೆ... ಒಂದು ಉಸಿರಿನಷ್ಟು ಹೊತ್ತು ತಡೆದೆ. ಅಷ್ಟರಲ್ಲಿ ಅವರು ಹೊಲದ ಪೈಪಿನ ಒಡಕು ಹುಡುಕುವ ರೂಢಿಯಲ್ಲಿ ಬಲಗೈಯ ತೋರುಬೆರಳನ್ನು ಅದರ ಮೇಲೆ ಸವರಿದರು. ಕೈ ತಟ್ಟನೆ ಹಿಂದಕ್ಕೆ ಬಂತು.

ಬೆರಳಿನಲ್ಲಿ ಸಾಸಿವೆಯಷ್ಟೂ ಇಲ್ಲದ ಒಂದು ಚುಕ್ಕೆ. ಎರಡು ಹನಿ ರಕ್ತ.

"ದವಾಖಾನಿಗಿ ಹೋಗಮ್ರಿ ಚಾಚಾ."

"ಇಷ್ಟಕ್ಕ? ಮುಳ್ಳು ಚುಚ್ಚಿದ್ರ ಡಾಕ್ಟರ್ ಬಲ್ಲಿ ಹೋಗ್ತಾರೇನೋ? ಚಾ ಮಾಡ್ಲಿಕ್ ಹೇಳು, ಹೋಗು."

ಕಪ್ ಬಸಿಯಲ್ಲಿ ಚಾ ಬಂತು. ಬಸಿ ಹಿಡಿದ ಬೆರಳು ಮಡಚಲಿಲ್ಲ. ಅವರು ಮಾತಾಡುತ್ತಲೇ ಬಸಿಯನ್ನು ಎಡಗೈಗೆ ಬದಲಿಸಿದರು. ಬೆರಳು ಬೆಳ್ಳಗಾಗಿತ್ತು. ಸ್ವಲ್ಪ ಹೊತ್ತಿಗೆ ಬುಡದವರೆಗೂ ಬಾತಿತು. ನಾನು ಅದನ್ನೇ ನೋಡುತ್ತಿದ್ದೆ. ಮೂರು ಸಲ ಕರೆದೆ, ಮೂರು ಸಲವೂ ಬೈದರು. ಟ್ಯೂಬಿನ ಮಾತು ಮಾತ್ರ ಎತ್ತಲಿಲ್ಲ. ಅವರೇ "ನಡಿ" ಎಂದಾಗ ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಕೇಳುತ್ತಿತ್ತು.

ಡಾಕ್ಟರು ಮೊದಲು ಕೇಳಿದ್ದು ಎಷ್ಟು ಹೊತ್ತಾಯಿತು ಎಂದು. ಹೊರಗೆ ಚುಕ್ಕೆಯಷ್ಟೇ, ನೀರು ಒಳಗೆ ಸೀಳಿಕೊಂಡು ಹೋಗಿದೆ ಎಂದರು. ಅಂದೇ ಬೆರಳನ್ನು ಕೊಯ್ದು ತೊಳೆದರು. ಆದರೂ ಉಳಿಯಲಿಲ್ಲ. ಆರನೆಯ ದಿನ ಬುಡದವರೆಗೆ ತೆಗೆದರು.

ತಿಂಗಳು ಕಳೆದ ಮೇಲೆ ಚಾಚಾ ಕರೆಯದೆಯೇ ಬಂದು ಅಂಗಳದಲ್ಲಿ ಕೂತರು, ಈ ಸಲ ಚಶ್ಮಾ ಹಾಕಿಕೊಂಡು. ಪೈಪನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಟೇಪು ಬಿಚ್ಚಿದರು, ಟ್ಯೂಬು ಬಿಚ್ಚಿದರು. ಅದನ್ನು ಬಲಗೈಗೆ ತೆಗೆದುಕೊಂಡು ಒಂದೊಂದೇ ಮಡಿಕೆ ಮಾಡತೊಡಗಿದರು. ನಾನು ಬಾಯಿ ತೆರೆದೆ.

"ಪೈಪ್ ಹೊಸಾದು ತಗೋ ಬೇಟಾ," ಎಂದರು. ಮಡಿಕೆಯನ್ನು ಪಾನಾಪೆಟ್ಟಿಗೆಯಲ್ಲಿಟ್ಟು ಎದ್ದು ಹೋದರು. ಆಮೇಲೆ ಅವರು ನನ್ನನ್ನು ಟ್ಯೂಬಿನ ಹೆಸರೆತ್ತಿ ಎಂದೂ ನಗೆಯಾಡಲಿಲ್ಲ. ನಾನು ಆ ನಗೆಯನ್ನೇ ಎಷ್ಟೋ ದಿನ ಕಾದೆ...

ಅವರು ತೀರಿಕೊಂಡು ಇದು ಎರಡನೆಯ ಬೇಸಿಗೆ. ಹೇಳಬೇಕಾದ ಮಾತು ನನ್ನಲ್ಲೇ ಉಳಿಯಿತು. ಪ್ರೆಷರ್ ವಾಷರ್ ಈಗಲೂ ಭಾಲ್ಕಿ ರಸ್ತೆಯಲ್ಲಿ ನಡೆಯುತ್ತಿದೆ. ಪೈಪನ್ನು ದಿನವೂ ಇಂಜಿನ್ ಬಂದ್ ಇದ್ದಾಗ, ಗುಂಡಿ ಒತ್ತಿ ಒಳಗಿನ ಜೋರು ಬಿಟ್ಟು, ಕಣ್ಣಿನಿಂದಲೇ ನೋಡುತ್ತೇನೆ.

ಮೊನ್ನೆ ಟ್ಯೂಬನ್ನು ಬಿಡಿಸಿ ನೋಡಿ ಮತ್ತೆ ಮಡಚಲು ಹೋದೆ. ಅವರು ನಾಲ್ಕು ಬೆರಳಿನಲ್ಲಿ ಮಡಚಿದಷ್ಟು ನೇರವಾಗಿ ನನಗೆ ಬರಲಿಲ್ಲ.