ಹೊಗೆಯಾಗದ ಒಂದು ಫೋಟೋ

ನಮ್ಮ ಅಣ್ಣನ ಮಗಳು ಕಬಡ್ಡಿ ಆಡುತ್ತಾಳೆ ಅನ್ನುವುದಕ್ಕೆ ಮನೆಯಲ್ಲಿದ್ದ ಸಾಕ್ಷಿಯೆಂದರೆ ಅವಳ ತರಚಿದ ಮೊಣಕಾಲು ಮಾತ್ರ. ಫೋಟೋಗಳೇನೋ ಬೇಕಾದಷ್ಟಿದ್ದವು. ಜೊತೆಗಾರ್ತಿಯರೆಲ್ಲ ಕಣ್ಣು ಮೂಗು ಸಮೇತ ಚೆಂದ ಬಿದ್ದಿರುತ್ತಿದ್ದರು, ಇವಳಿದ್ದ ಜಾಗದಲ್ಲಿ ಮಾತ್ರ ಜೆರ್ಸಿ ಬಣ್ಣದ ಒಂದಿಷ್ಟು ನೀಲಿ ಹೊಗೆ. ನಮ್ಮವ್ವ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಏನ ಹುಡುಗಿ ಬೇ ಇದು, ಫೋಟೋದಾಗರೆ ಒಂದ ಕಡೆ ನಿಂದ್ರಬಾರದ?" ಅನ್ನುತ್ತಿದ್ದಳು.

ಅವಳ ಶಾಲೆಯಲ್ಲಿ ಒಂದು ಪದ್ಧತಿ ಇದೆ. ಹತ್ತನೇ ತರಗತಿ ಮುಗಿಸಿ ಹೋಗುವ ಆಟಗಾರರದು ಒಂದೊಂದು ಫೋಟೋ ಗೋಡೆಗೆ ಹಾಕುತ್ತಾರೆ. ಕೈಕಟ್ಟಿ ನಿಂತದ್ದು ಅಲ್ಲಿ ನಡೆಯುವುದಿಲ್ಲ, ಆಡುತ್ತಿರುವಾಗಿನದೇ ಬೇಕು. ಅದು ಅವರ ಪಿ.ಟಿ. ಸರ್ ಹಟ. ತಂಡದಲ್ಲಿ ಎಲ್ಲರಿಗಿಂತ ಚುರುಕು ಇವಳೇ, ಗೋಡೆಗೆ ಹಾಕಲು ಫೋಟೋ ಇಲ್ಲದವಳೂ ಇವಳೇ. ಅಥಣಿಯಲ್ಲಿ ಕೊನೆಯ ಪಂದ್ಯ ಇದೆ ಅಂದಾಗ ನನ್ನ ಹತ್ತಿರ ಬಂದು ಕೂತಳು.

"ಆತ್ಯಾ, ಈ ಸಲಾರೆ ನನ್ನ ಮಾರಿ ಕಾಣೂ ಹಂಗ ತಗಿ. ಇಲ್ಲಂದ್ರ ಆ ಗ್ವಾಡಿ ಮ್ಯಾಲೆ ನಾ ಇದ್ದೇ ಇಲ್ಲ ಅಂದಂಗ ಆಗತೈತಿ."

ಅಷ್ಟು ದೊಡ್ಡ ಮಾತನ್ನು ಅವಳು ನಗುತ್ತಲೇ ಹೇಳಿದಳು. ನನಗೆ ಮಾತ್ರ ನಗು ಬರಲಿಲ್ಲ. ನಾನು ಬೇರೆ ಕಾಗವಾಡದಲ್ಲಿ ಸ್ಟುಡಿಯೋ ಇಟ್ಟವಳು, ಸುತ್ತ ಹತ್ತೂರಿನ ಲಗ್ನ, ಕುಬಸ, ಅರಿಷಿಣದ ಫೋಟೋ ತೆಗೆಯುವವಳು. ಸ್ವಂತ ಸೋದರಸೊಸೆಯ ಮುಖ ಹಿಡಿಯಲಾಗದಿದ್ದರೆ ಆ ಬೋರ್ಡನ್ನು ಯಾಕೆ ಹಾಕಿಕೊಂಡಿರಬೇಕು?

ಲಗ್ನದ ಫೋಟೋಗ್ರಾಫರ್ ಅಂದರೆ ಏನೆಂದು ತಿಳಿದಿದ್ದೀರಿ? ನಮ್ಮ ಸೀಮೆಯಲ್ಲಿ ಅಕ್ಕಿಕಾಳು ಬೀಳುವುದೂ ನಾನು ಹೂಂ ಅಂದ ಮೇಲೆಯೇ. ಹಾರ ಹಾಕುವಾಗ ಮದುಮಗನ ಕೈ ಅಡ್ಡ ಬಂದರೆ ತೆಗೆದು ಇನ್ನೊಮ್ಮೆ ಹಾಕಿಸುತ್ತೇನೆ. ಅಯ್ಯನವರು ಮಂತ್ರ ನಿಲ್ಲಿಸಿ ಕಾಯುತ್ತಾರೆ. ಬೀಗರು ತುತ್ತನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ನನ್ನ ಕಡೆ ನೋಡುತ್ತಾರೆ. ಹೀಗೆ ಲೋಕವೇ ನನಗಾಗಿ ನಿಂತು ನಿಂತು, ಓಡುವವರನ್ನು ಹಿಡಿಯುವ ಅಭ್ಯಾಸ ನನಗೆ ತಪ್ಪಿಹೋಗಿತ್ತು.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋಗಿ ಅಥಣಿ ಮುಟ್ಟಿದೆ. ಪಂದ್ಯ ಒಳಾಂಗಣದಲ್ಲಿ, ಮ್ಯಾಟಿನ ಮೇಲೆ. ಮೇಲೆ ಸಾಲು ಸಾಲು ದೀಪ. ಕಣ್ಣಿಗೆ ಹಾಡುಹಗಲು, ಕ್ಯಾಮೆರಾಕ್ಕೆ ಸಂಜೆಗತ್ತಲು. ಆಟಗಾರರ ಕಣ್ಣು ಕುಕ್ಕುತ್ತದೆ ಅಂತ ಫ್ಲ್ಯಾಶ್ ಬೇಡ ಅಂದರು. ಸರಿ, ಲೆನ್ಸಿನ ಬಾಯಿ ಪೂರ್ತಿ ತೆರೆದೆ, ಶಟರ್ ವೇಗ ಹೆಚ್ಚಿಸಿದೆ, ಚಿತ್ರ ಒಂದಿಷ್ಟು ಕಾಳುಕಾಳಾದರೂ ಆಗಲಿ ಅಂತ ಮಂದ ಬೆಳಕನ್ನೂ ಹಿಡಿಯುವ ಐಎಸ್‌ಒ ಏರಿಸಿದೆ. ಲೆನ್ಸಿನ ಬಾಯಿ ತೆರೆದಷ್ಟೂ ಒಂದು ಕಷ್ಟವಿದೆ. ಮೂಗಿಗೆ ಫೋಕಸ್ ಕೂತರೆ ಹಿಂದಿನ ಕಿವಿಯೂ ಮಸುಕು. ಒಂದು ಗೇಣು ತಪ್ಪಿದರೆ ಆಳೇ ಮಸುಕು.

ಅವಳು ಎದುರಿನವರ ಅಂಕಣಕ್ಕೆ ರೇಡಿಗೆ ಹೋದಳು. ನಾನು ಕ್ಯಾಮೆರಾ ಹಿಡಿದು ಅವಳ ಬೆನ್ನು ಹತ್ತಿದೆ. ಎಡಕ್ಕೆ ತಿರುಗಿಸಿದರೆ ಬಲಕ್ಕಿದ್ದಾಳೆ, ಬಲಕ್ಕೆ ತಿರುಗಿಸಿದರೆ ಬಗ್ಗಿದ್ದಾಳೆ. ತೆಗೆದ ಫೋಟೋ ನೋಡಿದರೆ ರೆಫರಿಯ ಬೆನ್ನು ಬಹಳ ಸೊಗಸಾಗಿ ಬಂದಿತ್ತು. ಹಿಂದಿನ ಬ್ಯಾನರಿನ ಅಕ್ಷರವನ್ನೂ ಓದಬಹುದಿತ್ತು. ನಡುವೆ ಮಾತ್ರ ಅದೇ ನೀಲಿ ಹೊಗೆ. ಮುಂದಿನ ಸಲ ಅವಳು ಇಬ್ಬರನ್ನು ಒಟ್ಟಿಗೆ ಮುಟ್ಟಿ ಹಾರಿ ಬಂದಳು. ಅದೂ ತಪ್ಪಿತು. ನನಗೇ ತಿಳಿಯದಂತೆ ಎದ್ದು ನಿಂತು ಕೈ ಎತ್ತಿ ಕೂಗಿಬಿಟ್ಟೆ:

"ಸರ, ಒಂದ ಮಿನಿಟ್ ನಿಲ್ಲಸ್ರಿ! ಇನ್ನೊಮ್ಮೆ ಮಾಡಸ್ರಿ!"

ಆಡುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ರೆಫರಿ ಸೀಟಿಯನ್ನು ಬಾಯಿಂದ ತೆಗೆದು, "ಅಕ್ಕಾರ, ಇದು ಲಗ್ನ ಅಲ್ರಿ" ಅಂದರು. ಎದುರು ತಂಡದ ಹುಡುಗಿಯೊಬ್ಬಳು, "ಹಾರಾ ತರಸ್ರಿ ಮತ್ತ!" ಅಂದಳು. ಆಮೇಲೆ ಬಿದ್ದ ನಗುವಿಗೆ ತಗಡಿನ ಚಾವಣಿ ಅದುರಿತು. ನಮ್ಮ ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಅಪರೂಪಕ್ಕೆ ಅಲ್ಲಾಡದೆ ನಿಂತಿದ್ದಳು, ಆದರೆ ಮುಖವೇ ಕಾಣಲೊಲ್ಲದು.

ವಿರಾಮದಲ್ಲಿ ನೀರು ಕುಡಿಯುತ್ತ ಕೂತಾಗ ನಮ್ಮ ಮನೆಯ ಆಡುಗಳು ನೆನಪಾದವು. ಚಿಕ್ಕವಳಿದ್ದಾಗ ಒಂದು ಕಪ್ಪು ಆಡಿನ ಹಿಂದೆ ಬಯಲೆಲ್ಲ ಓಡಿ ಅಳುತ್ತ ಬಂದರೆ, ಅವ್ವ ಎದ್ದುಹೋಗಿ ದೊಡ್ಡಿಯ ಬಾಯಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು. ಎಲ್ಲಿ ತಿರುಗಿದರೂ ಆಡು ಅಲ್ಲಿಗೇ ಬರಬೇಕು. ಇವಳೂ ಅಷ್ಟೇ ಅಲ್ಲವೇ? ಎಷ್ಟೇ ಹಾರಾಡಲಿ, ನಡುಗೆರೆಗೆ ತಿರುಗಿ ಬರಲೇಬೇಕು. ಹೋಗುವ ಮುಂಚೆ ಅದೇ ಗೆರೆಯನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುವುದು ಅವಳ ರೂಢಿ, ಯಾವಾಗಲೂ ಎಡತುದಿಯಲ್ಲಿ. ಬರುವುದೂ ಬಹುತೇಕ ಅಲ್ಲಿಗೇ.

ಆಟ ಮತ್ತೆ ಶುರುವಾದಾಗ ಗೆರೆಯ ಎಡತುದಿಗೆ ಹೋಗಿ, ಮ್ಯಾಟಿನ ಹೊರಗೆ ಬೋರಲು ಮಲಗಿದೆ. ಮತ್ತೆ ಒಂದಿಷ್ಟು ನಗು ಎದ್ದಿತು, ನಗಲಿ ಬಿಡು ಅಂದುಕೊಂಡೆ. ಅವಳು ಬಗ್ಗಿ ಗೆರೆ ಮುಟ್ಟಿದಳು. ಆ ಬೆರಳಿಗೇ ಫೋಕಸ್ ಕೂಡಿಸಿ ಅಲ್ಲೇ ಬಿಗಿದೆ. ಅವಳು ಹೋದಳು, ನಾನು ನೋಡಲಿಲ್ಲ. ಕೂಗು ಕೇಳಿತು, ಕಾಲ ಸಪ್ಪಳ ಕೇಳಿತು, ಯಾರೋ ದೊಪ್ಪನೆ ಬಿದ್ದರು. ನನ್ನ ಕಣ್ಣು ಖಾಲಿ ಗೆರೆಯ ಮೇಲೆಯೇ ಇತ್ತು. ಒಮ್ಮೆಲೇ ಒಂದು ಕೈ ಚೌಕಟ್ಟಿನೊಳಗೆ ನುಗ್ಗಿತು. ಬೆರಳು ಒತ್ತಿದೆ.

ಪಂದ್ಯ ಸೋತರು. ಅವಳು ಬೆವರು ಒರೆಸಿಕೊಳ್ಳುತ್ತ ಬಂದು ನೇರ ಕ್ಯಾಮೆರಾಕ್ಕೆ ಕೈ ಹಾಕಿದಳು. ಕೊಡಲು ನಾನು ಹಿಂದುಮುಂದು ನೋಡಿದೆ. ಯಾಕೆಂದರೆ ಅದು ಲಗ್ನದ ಕಣ್ಣಿಗೆ ಚೆಂದದ ಫೋಟೋ ಅಲ್ಲ. ಬಾಯಿ ಅಗಲ ತೆರೆದಿದೆ, ಜಡೆ ಬಿಚ್ಚಿದೆ, ಕತ್ತಿನ ನರ ಉಬ್ಬಿದೆ, ತುಟಿಯ ಮೇಲಿನ ಬೆವರಹನಿಯೂ ಕಾಣುತ್ತದೆ. ಚಾಚಿದ ಬೆರಳು ಗೆರೆಯ ಮೇಲೆ. ಬಹಳ ಹೊತ್ತು ನೋಡಿದಳು.

"ಆತ್ಯಾ, ನನ್ನ ಕಾಲ ಹಿಡದಾರಲ್ಲ, ಅವರ್ನ ನೋಡ. ಎಲ್ಲಾರೂ ಹೊಗಿ ಆಗ್ಯಾರ!"

ಅಂದು ಕುಣಿದಾಡಿಬಿಟ್ಟಳು. ಸೋತ ತಂಡದ ಹುಡುಗಿ ಹೀಗೆ ಕುಣಿಯುವುದನ್ನು ನೋಡಿ ಗೆದ್ದವರೇ ಗಾಬರಿಯಾದರು.

ಫೋಟೋ ಗೋಡೆಗೇರಿದ ದಿನ ಅವ್ವನನ್ನೂ ಕರೆದುಕೊಂಡು ಹೋದೆ. ಅವ್ವ ಹತ್ತಿರ ಹೋಗಿ ನೋಡಿ, "ಈಗ ಸಿಕ್ಕಳ ನೋಡ" ಅಂದಳು. ಮುಂದಿನ ವಾರ ಹುಡುಗಿ ಕಾಲೇಜಿಗೆಂದು ನಿಪ್ಪಾಣಿಗೆ ಹೋಗುವವಳಿದ್ದಳು, ಅಲ್ಲೇ ಹಾಸ್ಟೆಲು. ಗೋಡೆಯ ಮುಂದೆ ಒಂದು ಫೋಟೋ ಇರಲಿ ಅಂತ ನಿಲ್ಲಿಸಿ, "ಇಲ್ಲಿ ನೋಡವಾ, ಅಳಗ್ಯಾಡಬ್ಯಾಡ" ಅಂದೆ. ಹೂಂ ಅಂದವಳು, ಬೆರಳು ಒತ್ತುವಷ್ಟರಲ್ಲಿ ಅಜ್ಜಿಯನ್ನು ಪಕ್ಕಕ್ಕೆ ಎಳೆದುಕೊಳ್ಳಲು ಹೊರಳಿದಳು.

ಆ ಫೋಟೋ ಸ್ಟುಡಿಯೋದಲ್ಲಿ ನನ್ನ ಮೇಜಿನ ಮೇಲಿದೆ. ಗೋಡೆಯ ಮೇಲಿನವಳು ಬೆವರಹನಿ ಸಮೇತ ಸ್ಪಷ್ಟವಾಗಿದ್ದಾಳೆ. ಮುಂದೆ ನಿಂತವಳು ಮತ್ತೆ ಹೊಗೆ. ಇನ್ನೊಮ್ಮೆ ನಿಲ್ಲು ಅಂತ ನಾನು ಹೇಳಲಿಲ್ಲ.