ಕೊಬ್ಬರಿ ಎಣ್ಣೆ ಸವರಿದ ಕಾಡತೂಸುಗಳು

ಮಳೆಗಾಲದಲ್ಲಿ ಜಾವಳಿ ಕಡೆಯ ನಮ್ಮ ಮನೆಯಲ್ಲಿ ಹಿತ್ತಾಳೆಯ ಸಾಮಾನೆಲ್ಲ ಹಸಿರು ಕಿಲುಬು ಹಿಡಿಯುತ್ತಿತ್ತು. ಅದಕ್ಕೇ ದೊಡ್ಡಪ್ಪ ತಮ್ಮ ರೈಫಲ್ಲಿನ ಕಾಡತೂಸುಗಳಿಗೆ ಒಂದೊಂದಾಗಿ ಕೊಬ್ಬರಿ ಎಣ್ಣೆ ಸವರಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಡುತ್ತಿದ್ದರು. ಕೋವಿ ಅಜ್ಜನದು, ಅಜ್ಜ ತೀರಿಕೊಂಡ ಮೇಲೆ ಲೈಸೆನ್ಸು ದೊಡ್ಡಪ್ಪನಿಗೆ ಬಂದಿತ್ತು. ತೋಟದ ಎಲ್ಲ ಕೆಲಸವನ್ನೂ ಮೇಸ್ತ್ರಿಗೆ ಬಿಡುತ್ತಿದ್ದವರು ಕೋವಿ ಒರೆಸುವುದನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಒರೆಸುತ್ತಾ ನನಗೆ ಅಜ್ಜನ ಶಿಕಾರಿಯ ಕತೆ ಹೇಳುತ್ತಿದ್ದರು. ಕೋವಿ ಹೊರಬರುತ್ತಿದ್ದುದು ಕೊಯ್ಲಾದ ಗದ್ದೆಯಲ್ಲಿ ನಡೆಯುವ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ.

ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ, ರಜೆಗೆ ಬಂದಿದ್ದೆ. ದೊಡ್ಡಪ್ಪ ಗುಡ್ಡದ ಬದಿಯಲ್ಲಿ ಪಂದ್ಯದ ಅಭ್ಯಾಸ ಮಾಡುತ್ತಿದ್ದರು. ಗುಂಡು ಹಾರಿದ ಮೇಲೆ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿನ ಹಿಡಿ ಮೇಲೇಳಲಿಲ್ಲ. ಅಂಗೈಯಿಂದ ಗುದ್ದಿ ಎತ್ತಿದರು.

ಕಾಲೇಜಿನ ರೈಫಲ್ ತರಬೇತಿಯಲ್ಲಿ ಹವಾಲ್ದಾರರು, ಗುರಿಯ ಹಾಳೆಗಿಂತ ಮೊದಲು ಖಾಲಿ ಕಾಡತೂಸು ನೋಡಿ ಎನ್ನುತ್ತಿದ್ದರು. ನೋಡಿದೆ. ತಳದ ನಡುವೆ, ಮದ್ದಿಗೆ ಕಿಡಿ ಕೊಡುವ ಕೇಪಿನ ಅಂಚು ದುಂಡಗೆ ಉಳಿದಿರಬೇಕಿತ್ತು; ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿ, ಸುತ್ತಲಿನ ಗೆರೆಯೇ ಮಾಸಿತ್ತು. ತಳದ ಹಿತ್ತಾಳೆಯ ಮೇಲೆ ಬೋಲ್ಟಿನ ಅಚ್ಚು ಹೊಳೆಯುತ್ತಿತ್ತು. ಯಾವುದೋ ಒಂದೇ ಗುರುತಾಗಿದ್ದರೆ ಬೇರೆ ಕಾರಣ ಹೇಳಬಹುದಿತ್ತು. ಬಿಗಿದ ಬೋಲ್ಟೂ ಸೇರಿ ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು: ಒತ್ತಡ ಹಿಂದಕ್ಕೆ, ಹೊಡೆಯುವವರ ಮುಖದ ಕಡೆಗೆ ಬರುತ್ತಿದೆ.

"ಥಂಡಿಗೆ ಬಿಗೀತದೆ ಮಾರಾಯ್ತಿ," ಎಂದರು ದೊಡ್ಡಪ್ಪ. "ಬೆಳಿಗ್ಗೆ ನನ್ನ ಮಂಡೀನೂ ಬಿಗೀತದೆ. ಹಂಗಂತ ನನ್ನನ್ನೂ ಮೂಲೆಗಿಡ್ತೀಯಾ?"

ನಾನು ಇನ್ನೊಂದು ತುಂಬಲು ಬಿಡಲಿಲ್ಲ. ಒಣ ಹಿತ್ತಾಳೆ, ಒಳಗಿನ ಮದ್ದು ಸಿಡಿದಾಗ, ಉಬ್ಬಿ ನಳಿಗೆಯ ಗೋಡೆಯನ್ನು ಕಚ್ಚಿಕೊಳ್ಳುತ್ತದೆ, ಎಣ್ಣೆ ಇದ್ದರೆ ಜಾರಿ ಪೂರಾ ಹೊಡೆತವನ್ನು ಬೋಲ್ಟಿನ ಮೇಲೆ ಹಾಕುತ್ತದೆ ಎಂದು ವಿವರಿಸಿದೆ. ಅವರು ಬೆರಳಿಗಂಟಿದ್ದ ಎಣ್ಣೆಯನ್ನು ಪಂಚೆಗೆ ಒರೆಸಿಕೊಂಡರು.

ಮರುದಿನ ಚಿಕ್ಕಮಗಳೂರಿನ ಕೋವಿ ರಿಪೇರಿಯವರು ಬೋಲ್ಟು ಬಿಚ್ಚಿ, ಅದನ್ನು ಹಿಡಿದಿಡುವ ಗುಬಟಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ತೋರಿಸಿದರು. ಈ ಕೋವಿಯ ಬೋಲ್ಟು ಈಗೆಲ್ಲೂ ಸಿಗುವುದಿಲ್ಲ ಎಂದರು.

"ಇನ್ನು ಹೊಡೀಬೇಡಿ ಸಾರ್. ಕಾಯಿ ಉಳೀತದೆ, ನಿಮ್ಮ ಕಣ್ಣು ಉಳಿಯಲ್ಲ."

ಹಿಂದಿರುಗುವಾಗ ಆಲ್ದೂರು ದಾಟಿದ ಮೇಲೆ ದೊಡ್ಡಪ್ಪ ಜೀಪು ನಿಧಾನ ಮಾಡಿ ಕೇಳಿದರು: "ಅಪ್ಪಯ್ಯ ಎಣ್ಣೆ ಹಚ್ತಿರಲಿಲ್ಲ. ಕಿಲುಬು ಹಿಡಿದಿದ್ದನ್ನೇ ಒರೆಸಿ ಹೊಡೀತಿದ್ರು. ಜೋಪಾನ ಮಾಡಕ್ಕೆ ಹೋಗಿ ನಾನೇ ಕೆಡಿಸಿದೆ, ಅಲ್ವಾ?"

ಹಳೆಯ ಕಬ್ಬಿಣ, ಮೊದಲೇ ಸೋತಿರಬಹುದು ಎಂದೆ. ಅದೂ ಸುಳ್ಳಾಗಿರಬೇಕೆಂದಿಲ್ಲ.

"ನಿನ್ನೆ ನೀನು ಹಂಗೆ ಹೇಳಲಿಲ್ಲ," ಎಂದರು.

ಪಂದ್ಯದವರು ಬೇರೆ ಕೋವಿ ಕೊಡುತ್ತೇವೆಂದು ಕರೆದರು. ದೊಡ್ಡಪ್ಪ ಹೋಗಲಿಲ್ಲ. ಕಣ್ಣು ಉಳಿಯಿತೆಂದು ಮನೆಯವರೆಲ್ಲ ನನ್ನನ್ನು ಹೊಗಳಿದರು, ಅವರೂ ಹೊಗಳಿದರು. ಆದರೆ ಅಜ್ಜನ ಶಿಕಾರಿಯ ಕತೆಗಳನ್ನು ಆಮೇಲೆ ನನ್ನೆದುರು ಹೇಳಲಿಲ್ಲ. ನಾನು ಕೋಣೆಗೆ ಬಂದರೆ ನಡುವೆಯೇ ನಿಲ್ಲಿಸಿ, ಓದು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು.